ಬಾಯ್ಲರ್ ಉರಿಯುತ್ತಿದೆ, ಮನೆ ಮಾತ್ರ ಬೆಚ್ಚಗಾಗುತ್ತಿಲ್ಲ: ಬಿಸಿ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕುವ ಸಮಗ್ರ ಮಾರ್ಗದರ್ಶಿ

ಬಾಯ್ಲರ್ ಪೂರ್ತಿ ಕೆಟ್ಟು ನಿಂತರೆ ಒಂದು ಲೆಕ್ಕದಲ್ಲಿ ಸುಲಭ. ಟೆಕ್ನಿಷಿಯನ್‌ಗೆ ಫೋನ್ ಮಾಡುತ್ತೇವೆ, ಕಾಯುತ್ತೇವೆ. ತಲೆ ತಿನ್ನುವುದು ಅರೆಬರೆ ಕೆಲಸ ಮಾಡುವ ಬಾಯ್ಲರ್. ಉರಿ ಹತ್ತುತ್ತದೆ, ಸದ್ದು ಬರುತ್ತದೆ, ಬಿಲ್ಲಂತೂ ತಪ್ಪದೇ ಬರುತ್ತದೆ. ಆದರೆ ರೇಡಿಯೇಟರ್, ಅಂದರೆ ಒಳಗೆ ಬಿಸಿನೀರು ಹರಿದು ಕೋಣೆಯನ್ನು ಬೆಚ್ಚಗೆ ಮಾಡುವ ಲೋಹದ ಫಲಕ, ಮುಟ್ಟಿದರೆ ಉಗುರುಬೆಚ್ಚಗೆ. ಒಂದು ಕೋಣೆ ಬೆಚ್ಚಗೆ, ಪಕ್ಕದ ಕೋಣೆಯಲ್ಲಿ ಸ್ವೆಟರ್ ತೆಗೆಯುವ ಹಾಗಿಲ್ಲ.

ನನಗೂ ಇದೇ ಆಗಿತ್ತು. ನೋಡಲು ಬಂದವರು ಎರಡೇ ನಿಮಿಷ ನೋಡಿ "ಪಂಪ್ ಹೋಗಿದೆ" ಎಂದರು. ಹೊಸ ಪಂಪ್ ಬಂತು. ಮನೆ ಮಾತ್ರ ಹಾಗೇ ಇತ್ತು. ಕೊನೆಗೆ ಗೊತ್ತಾಗಿದ್ದು ಏನಪ್ಪಾ ಅಂದರೆ, ಹಿಂದಿನ ಸರ್ವಿಸ್ ವೇಳೆ ಬಾಯ್ಲರ್ ಕೆಳಗಿನ ಒಂದು ವಾಲ್ವ್ ಮುಚ್ಚಿದ್ದರು. ಮತ್ತೆ ತೆರೆಯುವಾಗ ಅರ್ಧಕ್ಕೇ ನಿಲ್ಲಿಸಿದ್ದರು. ಸ್ಕ್ರೂಡ್ರೈವರ್‌ನಲ್ಲಿ ಕಾಲು ಸುತ್ತಿನ ಕೆಲಸ!

ಅವತ್ತಿನಿಂದ ನಾನು ಬಿಡಿಭಾಗದ ಹೆಸರಿನಿಂದ ಶುರು ಮಾಡುವುದಿಲ್ಲ. ಬಿಸಿಯ ಹಿಂದೆ ಹೋಗುತ್ತೇನೆ. ಇಂಧನ ಉರಿಯುತ್ತದೆ, ಆ ಬಿಸಿ ಹೀಟ್ ಎಕ್ಸ್‌ಚೇಂಜರ್‌ನಲ್ಲಿ ನೀರಿಗೆ ಸೇರುತ್ತದೆ, ಪಂಪ್ ನೀರನ್ನು ತಳ್ಳುತ್ತದೆ, ಪೈಪ್ ಒಯ್ಯುತ್ತದೆ, ರೇಡಿಯೇಟರ್ ಕೋಣೆಗೆ ಕೊಡುತ್ತದೆ. ಈ ದಾರಿಯಲ್ಲಿ ಎಲ್ಲಿಯವರೆಗೆ ಬಿಸಿ ಬಂದಿದೆ, ಎಲ್ಲಿಂದ ಮುಂದೆ ಹೋಗಿಲ್ಲ ಎಂದು ಕೈಯಿಂದ ಮುಟ್ಟಿ ನೋಡಿದರೆ ತೊಂದರೆ ತಾನೇ ಸಿಗುತ್ತದೆ.

ಮೊದಲು, ಏನನ್ನು ಮುಟ್ಟಬಾರದು

ಗ್ಯಾಸ್ ವಾಸನೆ ಬಂದರೆ ಈ ಮಾರ್ಗದರ್ಶಿ ಅಲ್ಲಿಗೇ ನಿಲ್ಲಲಿ. ಸ್ವಿಚ್ ಹಾಕಬೇಡಿ, ಆರಿಸಲೂ ಬೇಡಿ. ಕೈಗೆ ಸಿಗುವಂತಿದ್ದರೆ ಗ್ಯಾಸ್ ವಾಲ್ವ್ ಮುಚ್ಚಿ, ಕಿಟಕಿ ಬಾಗಿಲು ತೆರೆದಿಡಿ, ಹೊರಗೆ ಹೋಗಿ ತುರ್ತು ನಂಬರಿಗೆ ಫೋನ್ ಮಾಡಿ.

ಇನ್ನೊಂದು ಅಪಾಯಕ್ಕೆ ವಾಸನೆಯೇ ಇಲ್ಲ. ಅದು ಕಾರ್ಬನ್ ಮೊನಾಕ್ಸೈಡ್. ಗ್ಯಾಸ್ ಸರಿಯಾಗಿ ಉರಿಯದಿದ್ದಾಗ ಇದು ಹುಟ್ಟುತ್ತದೆ. ಹಳೆಯ ಬಾಯ್ಲರ್‌ನಲ್ಲಿ ನೀಲಿ ಉರಿಯ ಬದಲು ಹಳದಿ ಉರಿ ತೂಗಾಡುವುದು, ಸುತ್ತ ಮಸಿ ಹಿಡಿಯುವುದು, ಮನೆಯೊಳಗಿದ್ದಾಗ ತಲೆನೋವು, ತಲೆಸುತ್ತು ಬಂದು ಹೊರಗೆ ಹೋದರೆ ಕಡಿಮೆಯಾಗುವುದು ಇದರ ಗುರುತುಗಳು. ಇವುಗಳಲ್ಲಿ ಒಂದು ಕಂಡರೂ ಬಾಯ್ಲರ್ ಆರಿಸಿ, ಎಲ್ಲರೂ ಹೊರಗೆ ಬನ್ನಿ. ಇದರ ಅಲಾರಂ ಮನೆಯಲ್ಲಿ ಇಲ್ಲದಿದ್ದರೆ ಇವತ್ತೇ ತನ್ನಿ. ಇದರಲ್ಲಿ ಜುಗ್ಗತನ ಬೇಡ.

ಮುಂದೆ ಹೇಳುವುದೆಲ್ಲ ನೀರಿನ ಕಡೆಯ ಕೆಲಸ ಮತ್ತು ಬರೀ ನೋಡುವ ಕೆಲಸ. ಗ್ಯಾಸ್ ವಾಲ್ವ್, ಬರ್ನರ್, ಹೊಗೆ ಕೊಳವೆ, ಬಾಯ್ಲರ್ ಒಳಗಿನ ವೈರಿಂಗ್ ಪರವಾನಗಿ ಇರುವವರ ಕೆಲಸ. ಉರಿ ಇರುವ ಭಾಗವನ್ನು ಮುಚ್ಚುವ ಕವಚವನ್ನು ನೀವು ಬಿಚ್ಚಬೇಡಿ. ಎಷ್ಟೋ ಬಾಯ್ಲರ್‌ಗಳಲ್ಲಿ ಹೊಗೆ ಒಳಗೆ ಬರದಂತೆ ತಡೆಯುವುದೇ ಆ ಕವಚದ ಸೀಲ್.

ದೂರು ನಿಜವಾಗಿ ಏನು?

"ಬಿಸಿ ಸಾಲ್ತಾ ಇಲ್ಲ" ಎನ್ನುವ ಒಂದೇ ಮಾತಿನ ಹಿಂದೆ ನಾಲ್ಕೈದು ಬೇರೆ ಬೇರೆ ತೊಂದರೆಗಳಿರುತ್ತವೆ. ಸಂಜೆ ಒಂದು ಸುತ್ತು ಹಾಕಿ. ಒಂದು ಗಂಟೆ ಹೀಟಿಂಗ್ ಓಡಿದ ಮೇಲೆ ಪ್ರತಿ ರೇಡಿಯೇಟರ್‌ನ ಮೇಲ್ಭಾಗ, ಕೆಳಭಾಗ, ಎರಡೂ ತುದಿಯ ಪೈಪ್ ಮುಟ್ಟಿ ಬರೆದುಕೊಳ್ಳಿ. ಹಿಡಿದುಕೊಳ್ಳಬೇಡಿ, ಸುಮ್ನೆ ಸೋಕಿಸಿ. 70 ಡಿಗ್ರಿಯ ಪೈಪ್ ಕೈ ಸುಡುತ್ತದೆ.

ಮೇಲೆ ತಣ್ಣಗೆ, ಕೆಳಗೆ ಬಿಸಿ ಇದ್ದರೆ ಒಳಗೆ ಗಾಳಿ ತುಂಬಿದೆ. ಮೇಲೆ ಬಿಸಿ, ಕೆಳಗೆ ನಡುವಿನಲ್ಲಿ ತಣ್ಣಗಿದ್ದರೆ ಗಸಿ ಕೂತಿದೆ. ಒಂದೇ ಒಂದು ರೇಡಿಯೇಟರ್ ಪೂರ್ತಿ ತಣ್ಣಗಿದ್ದರೆ ಅದರ ವಾಲ್ವ್ ಮೇಲೆ ಅನುಮಾನ. ಬಾಯ್ಲರ್ ಹತ್ತಿರದವು ಬಿಸಿ, ದೂರದವು ತಣ್ಣಗಿದ್ದರೆ ನೀರಿನ ಹಂಚಿಕೆ ಸರಿಯಿಲ್ಲ. ಎಲ್ಲವೂ ಒಂದೇ ಸಮ ಉಗುರುಬೆಚ್ಚಗಿದ್ದರೆ ತೊಂದರೆ ಬಾಯ್ಲರ್ ಹತ್ತಿರವೇ ಇದೆ, ಇಲ್ಲವೇ ಸೆಟ್ಟಿಂಗ್‌ನಲ್ಲಿದೆ. ನಲ್ಲಿಯ ಬಿಸಿನೀರು ಚೆನ್ನಾಗಿ ಬಂದು ರೇಡಿಯೇಟರ್ ಮಾತ್ರ ತಣ್ಣಗಿದ್ದರೆ, ಅಥವಾ ಉಲ್ಟಾ ಆಗಿದ್ದರೆ, ಅದು ಬೇರೆಯೇ ಕಥೆ. ಅದಕ್ಕೆ ಆಮೇಲೆ ಬರುತ್ತೇನೆ.

ಸೆಟ್ಟಿಂಗ್, ಪ್ರೆಶರ್

ನಾಚಿಕೆ ಪಡದೆ ಸುಲಭದ್ದನ್ನು ಮೊದಲು ನೋಡಿ. ಗೋಡೆಯ ಥರ್ಮೋಸ್ಟಾಟ್‌ನ ಬ್ಯಾಟರಿ ಸರಿ ಇದೆಯಾ? ಟೈಮರ್‌ನ ಗಡಿಯಾರ ಸರಿ ಇದೆಯಾ? ಕರೆಂಟ್ ಹೋಗಿ ಬಂದ ಮೇಲೆ ಎಷ್ಟೋ ಟೈಮರ್‌ಗಳು ಹಗಲನ್ನೇ ರಾತ್ರಿ ಅಂದುಕೊಂಡು ಕೂತಿರುತ್ತವೆ. ಬಾಯ್ಲರ್ 'ಬೇಸಿಗೆ' ಸೆಟ್ಟಿಂಗ್‌ನಲ್ಲಿದ್ದರೆ ಬರೀ ನಲ್ಲಿಯ ನೀರನ್ನು ಕಾಯಿಸುತ್ತದೆ, ರೇಡಿಯೇಟರ್ ಕಡೆ ತಿರುಗಿಯೂ ನೋಡುವುದಿಲ್ಲ.

ಥರ್ಮೋಸ್ಟಾಟ್ ಇರುವ ಜಾಗ ಇನ್ನೂ ಮುಖ್ಯ. ಅದರ ಮೇಲೆ ಬಿಸಿಲು ಬೀಳುತ್ತಿದ್ದರೆ, ಪಕ್ಕದಲ್ಲಿ ದೀಪವೋ ಟಿವಿಯೋ ಇದ್ದರೆ, ಇಡೀ ಮನೆ ಬೆಚ್ಚಗಿದೆ ಎಂದು ಅದಕ್ಕೆ ಭ್ರಮೆ. ಒಂದು ಮಾಮೂಲಿ ಥರ್ಮಾಮೀಟರನ್ನು ಪಕ್ಕದಲ್ಲಿ ಅರ್ಧ ಗಂಟೆ ಇಟ್ಟು ಎರಡನ್ನೂ ಹೋಲಿಸಿ. ಎರಡು ಮೂರು ಡಿಗ್ರಿ ವ್ಯತ್ಯಾಸ ಇದ್ದರೆ ನಿಮ್ಮ ದೂರಿಗೆ ಅಷ್ಟೇ ಕಾರಣ ಇರಬಹುದು.

ಆಮೇಲೆ ಬಾಯ್ಲರ್ ಮೇಲಿನ ನೀರಿನ ತಾಪಮಾನದ ನಾಬ್. ಜನ ಥರ್ಮೋಸ್ಟಾಟ್ ತಿರುಗಿಸುತ್ತಾರೆ, ಇದನ್ನು ಮರೆಯುತ್ತಾರೆ. ಥರ್ಮೋಸ್ಟಾಟ್ ಹೇಳುವುದು ಕೋಣೆ ಎಷ್ಟು ಬೆಚ್ಚಗಿರಬೇಕು ಎಂದು. ಈ ನಾಬ್ ಹೇಳುವುದು ರೇಡಿಯೇಟರ್‌ಗೆ ಹೋಗುವ ನೀರು ಎಷ್ಟು ಬಿಸಿ ಇರಬೇಕು ಎಂದು. ಎರಡೂ ಬೇರೆ. ಇಲ್ಲಿ ಒಂದು ಲೆಕ್ಕ ಗೊತ್ತಿದ್ದರೆ ಒಳ್ಳೆಯದು. ಕೋಣೆ 20 ಡಿಗ್ರಿ ಇದ್ದು ರೇಡಿಯೇಟರ್ ಸರಾಸರಿ 70 ಡಿಗ್ರಿ ಇದ್ದರೆ ಅದು ಕೊಡುವ ಶಾಖವನ್ನು ಪೂರ್ತಿ ಎಂದುಕೊಳ್ಳಿ. ಅದೇ ರೇಡಿಯೇಟರ್ 50 ಡಿಗ್ರಿಗೆ ಇಳಿದರೆ ಕೊಡುವುದು ಹೆಚ್ಚುಕಡಿಮೆ ಅರ್ಧ ಮಾತ್ರ. ಇಳಿದಿದ್ದು 20 ಡಿಗ್ರಿ, ಹೋಗಿದ್ದು ಅರ್ಧ ಶಾಖ! ಹಾಗಾಗಿ ಉಳಿತಾಯಕ್ಕೆಂದು ಯಾರೋ ಈ ನಾಬನ್ನು ಇಳಿಸಿದ್ದರೆ, ತೀರಾ ಚಳಿ ಇರುವ ದಿನ ಬಾಯ್ಲರ್‌ನಲ್ಲಿ ಏನೂ ಕೆಡದಿದ್ದರೂ ಮನೆ ಬೆಚ್ಚಗಾಗುವುದಿಲ್ಲ.

ಹಾಗಂತ ಕೊನೆಯವರೆಗೂ ಏರಿಸಿಬಿಡಬೇಡಿ. ಈಗಿನ ಕಂಡೆನ್ಸಿಂಗ್ ಬಾಯ್ಲರ್‌ಗೆ ವಾಪಸ್ ಬರುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಹೊಗೆಯಲ್ಲಿನ ಆವಿ ನೀರಾಗಿ, ಅದರ ಶಾಖ ಮನೆಗೆ ಸಿಗುತ್ತದೆ. ನನ್ನ ರೂಢಿ ಏನೆಂದರೆ, ತೊಂದರೆ ಹುಡುಕುವಾಗ 70ಕ್ಕೆ ಇಡುತ್ತೇನೆ. ಸರಿಯಾದ ಮೇಲೆ ದಿನಕ್ಕೆ ಐದೈದು ಡಿಗ್ರಿ ಇಳಿಸುತ್ತಾ, ಮನೆ ಎಲ್ಲಿಯವರೆಗೆ ಬೆಚ್ಚಗಿರುತ್ತದೋ ಅಲ್ಲಿ ನಿಲ್ಲಿಸುತ್ತೇನೆ.

ಈಗ ಪ್ರೆಶರ್ ಗೇಜ್. ಮುಚ್ಚಿದ ವ್ಯವಸ್ಥೆಯಲ್ಲಿ ಎಲ್ಲ ತಣ್ಣಗಿದ್ದಾಗ 1ರಿಂದ 1.5 ಬಾರ್ ಇರಬೇಕು (ಬಾರ್ ಅಂದರೆ ಒತ್ತಡದ ಅಳತೆ). ಬಿಸಿಯಾದಾಗ 2ರ ಹತ್ತಿರ ಹೋದರೆ ಗಾಬರಿ ಬೇಡ. 10 ಮೀಟರ್ ಎತ್ತರಕ್ಕೆ ನೀರು ಏರಿಸಲು ಸುಮಾರು 1 ಬಾರ್ ಬೇಕು. ಆದ್ದರಿಂದ ಗೇಜ್ ಅರ್ಧ ಬಾರ್ ತೋರಿಸುತ್ತಿದ್ದರೆ ಮೇಲಿನ ಮಹಡಿಯ ರೇಡಿಯೇಟರ್‌ಗಳು ಮೊದಲು ಸೋಲುತ್ತವೆ. ನೀರು ತುಂಬಿಸುವ ವಾಲ್ವನ್ನು ನಿಧಾನವಾಗಿ ತೆರೆದು 1.2 ಅಥವಾ 1.3ಕ್ಕೆ ತಂದು, ಎರಡೂ ಕಡೆ ಗಟ್ಟಿಯಾಗಿ ಮುಚ್ಚಿ. ಅಟ್ಟದ ಮೇಲೆ ಸಣ್ಣ ತೊಟ್ಟಿ ಇರುವ ಹಳೆಯ ಪದ್ಧತಿಯ ವ್ಯವಸ್ಥೆಯಾದರೆ ಗೇಜ್ ಇರುವುದಿಲ್ಲ. ಅಲ್ಲಿ ಆ ತೊಟ್ಟಿಯಲ್ಲಿ ನೀರಿದೆಯಾ ನೋಡಿ. ತೇಲುವ ಚೆಂಡು ಸಿಕ್ಕಿಕೊಂಡು ತೊಟ್ಟಿ ಬರಿದಾದರೆ ಪೈಪ್‌ಗಳು ಗಾಳಿ ಕುಡಿಯುತ್ತವೆ.

ಪರದೆಯ ಮೇಲೆ ಯಾವುದಾದರೂ ಕೋಡ್ ಇದ್ದರೆ ಫೋಟೋ ತೆಗೆದುಕೊಳ್ಳಿ, ಆಮೇಲೆ ರೀಸೆಟ್ ಒತ್ತಿ. ಒಂದು ಸಲ, ಹೆಚ್ಚೆಂದರೆ ಎರಡು ಸಲ. ಮತ್ತೆ ಮತ್ತೆ ಲಾಕ್ ಆಗುತ್ತಿದ್ದರೆ, ಅಂದರೆ ತಾನೇ ನಿಂತುಬಿಡುತ್ತಿದ್ದರೆ, ಬಾಯ್ಲರ್ ಏನೋ ಹೇಳುತ್ತಿದೆ. ಅದರ ಬಾಯಿ ಮುಚ್ಚಿಸಬೇಡಿ.

ಅರ್ಧ ಗಂಟೆ ಸುಮ್ಮನೆ ಕೂತು ನೋಡಿ

ಇಡೀ ಬರಹದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ಚಳಿ ಇರುವ ದಿನ, ಮನೆ ತಣ್ಣಗಿರುವಾಗ, ಥರ್ಮೋಸ್ಟಾಟ್ ಪೂರ್ತಿ ಏರಿಸಿ ಬಾಯ್ಲರ್ ಮುಂದೆ ಕುರ್ಚಿ ಹಾಕಿಕೊಂಡು ಕೂರಿ. ಕೈಯಲ್ಲಿ ಗಡಿಯಾರ, ಕಾಗದ, ಪೆನ್. ಉರಿ ಯಾವಾಗ ಹತ್ತಿತು, ಯಾವಾಗ ಆರಿತು, ಪರದೆಯಲ್ಲಿ ನೀರಿನ ತಾಪಮಾನ ಎಷ್ಟು ಎಂದು ಬರೆಯಿರಿ.

ಜೊತೆಗೆ ಹೋಗುವ ಪೈಪ್ ಮತ್ತು ವಾಪಸ್ ಬರುವ ಪೈಪ್, ಎರಡರ ತಾಪಮಾನವೂ ಬೇಕು. ಪೈಪಿಗೆ ಸಿಕ್ಕಿಸುವ ಥರ್ಮಾಮೀಟರ್ ಸಾಕು. ದೂರದಿಂದ ಗುರಿಯಿಟ್ಟು ಅಳೆಯುವ ಇನ್‌ಫ್ರಾರೆಡ್ ಗನ್ ಇದ್ದರೆ ಒಂದು ಎಚ್ಚರ: ಹೊಳೆಯುವ ತಾಮ್ರದ ಮೇಲೆ ಅದು ಸುಳ್ಳು ಹೇಳುತ್ತದೆ. ಪೈಪಿಗೆ ಒಂದು ತುಂಡು ಕಪ್ಪು ಇನ್ಸುಲೇಶನ್ ಟೇಪ್ ಸುತ್ತಿ, ಟೇಪಿನ ಮೇಲೆ ಅಳೆಯಿರಿ.

ಈಗ ಎರಡರಲ್ಲಿ ಒಂದು ಕಾಣುತ್ತದೆ.

ಒಂದು: ಉರಿ ಹತ್ತುತ್ತದೆ, ಒಂದೆರಡು ನಿಮಿಷದಲ್ಲಿ ನೀರು ಸರಕ್ಕನೆ 70 ಡಿಗ್ರಿ ದಾಟುತ್ತದೆ, ಉರಿ ಆರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹತ್ತುತ್ತದೆ. ಹೀಗಾದರೆ ಬಾಯ್ಲರ್ ಬಿಸಿ ಮಾಡುತ್ತಿದೆ, ಆದರೆ ಆ ಬಿಸಿಯನ್ನು ಯಾರೂ ಒಯ್ಯುತ್ತಿಲ್ಲ. ತೊಂದರೆ ಹರಿವಿನದ್ದು.

ಎರಡು: ಉರಿ ಬಿಡದೆ ಉರಿಯುತ್ತಲೇ ಇದೆ, ಆದರೆ ನೀರು 45 ಡಿಗ್ರಿ ದಾಟುತ್ತಿಲ್ಲ. ಹೀಗಾದರೆ ಹರಿವು ಸರಿ ಇದೆ, ಬಿಸಿ ಹುಟ್ಟುವುದೇ ಸಾಲದು. ತೊಂದರೆ ಇಂಧನದ್ದು, ಬರ್ನರ್‌ನದ್ದು, ಇಲ್ಲವೇ ಮನೆಯ ಅಗತ್ಯಕ್ಕೆ ಬಾಯ್ಲರ್ ಚಿಕ್ಕದು.

ಎರಡು ಪೈಪ್‌ಗಳ ತಾಪಮಾನದ ಅಂತರ ಇದನ್ನೇ ಗಟ್ಟಿ ಮಾಡುತ್ತದೆ. ಹೋಗುವುದು 70, ಬರುವುದು 35 ಆದರೆ ನೀರು ತೀರಾ ನಿಧಾನ ಸುತ್ತುತ್ತಿದೆ. ಹೋಗುವುದು 70, ಬರುವುದು 66 ಆದರೆ ನೀರು ರೇಡಿಯೇಟರ್‌ಗಳಿಗೆ ಹೋಗದೆ ಅಡ್ಡದಾರಿಯಲ್ಲಿ ತಿರುಗಿ ಬರುತ್ತಿದೆ, ಅಥವಾ ಹೆಚ್ಚಿನ ರೇಡಿಯೇಟರ್‌ಗಳು ಮುಚ್ಚಿವೆ. ಆರೋಗ್ಯವಾಗಿರುವ ವ್ಯವಸ್ಥೆಯಲ್ಲಿ ಈ ಅಂತರ ಸಾಮಾನ್ಯವಾಗಿ 10ರಿಂದ 20 ಡಿಗ್ರಿ.

ಚಳಿ ಕಡಿಮೆ ಇರುವ ದಿನ ಈ ಪರೀಕ್ಷೆ ಮಾಡಿ ಮೋಸ ಹೋಗಬೇಡಿ. ಮನೆಗೆ ಬೇಕಾದ ಶಾಖ ಬಾಯ್ಲರ್‌ನ ಕನಿಷ್ಠ ಉರಿಗಿಂತ ಕಡಿಮೆ ಇದ್ದಾಗ ಎಲ್ಲ ಬಾಯ್ಲರ್‌ಗಳೂ ಹತ್ತಿ ಆರುತ್ತವೆ. ಅದು ರೋಗವಲ್ಲ.

ಬಿಸಿ ಇದೆ, ಹೋಗುತ್ತಿಲ್ಲ: ಹರಿವಿನ ತೊಂದರೆ

ಮೊದಲು ಬಾಯ್ಲರ್ ಕೆಳಗಿನ ವಾಲ್ವ್‌ಗಳನ್ನು ನೋಡಿ. ಹಿಡಿ ಅಥವಾ ಸ್ಕ್ರೂವಿನ ಗೀರು ಪೈಪಿನ ದಿಕ್ಕಿನಲ್ಲೇ ಇದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ, ಓರೆಯಾಗಿದ್ದರೆ ನನ್ನ ಮನೆಯ ಕಥೆ.

ಆಮೇಲೆ ಗಾಳಿ ತೆಗೆಯುವುದು. ಬಾಯ್ಲರ್ ಆರಿಸಿ, ನೀರು ತಣಿಯಲಿ. ಪಂಪ್ ಓಡುತ್ತಿರುವಾಗ ತೆರೆದರೆ ಕೆಲವು ಜಾಗದಲ್ಲಿ ಗಾಳಿ ಹೊರಗೆ ಹೋಗುವ ಬದಲು ಒಳಗೇ ಬರಬಹುದು. ಕೆಳಗಿನ ಮಹಡಿಯಿಂದ ಶುರು ಮಾಡಿ ಮೇಲಕ್ಕೆ ಹೋಗಿ. ರೇಡಿಯೇಟರ್ ತುದಿಯ ಸಣ್ಣ ಚೌಕದ ಸ್ಕ್ರೂಗೆ ಕೀ ಹಾಕಿ, ಕೆಳಗೆ ಬಟ್ಟೆ ಹಿಡಿದು, ಕಾಲು ಸುತ್ತು ತಿರುಗಿಸಿ. ಬುಸ್ಸೆಂದು ಗಾಳಿ ಬರುತ್ತದೆ, ನಂತರ ನೀರು ಚಿಮ್ಮುತ್ತದೆ. ನೀರು ಕಂಡ ಕೂಡಲೇ ಮುಚ್ಚಿ. ಸ್ಕ್ರೂ ಪೂರ್ತಿ ಬಿಚ್ಚಬೇಡಿ, ಕಪ್ಪು ನೀರು ಗೋಡೆಗೆಲ್ಲ ಹಾರುತ್ತದೆ. ಮುಗಿದ ಮೇಲೆ ಪ್ರೆಶರ್ ನೋಡಿ. ನಾನು ಮೊದಲ ಸಲ ಎಲ್ಲ ರೇಡಿಯೇಟರ್ ಗಾಳಿ ತೆಗೆದು ಹೆಮ್ಮೆಯಿಂದ ಮಲಗಿದೆ. ಬೆಳಿಗ್ಗೆ ಇಡೀ ಮನೆ ತಣ್ಣಗೆ. ಗಾಳಿ ಹೋದ ಜಾಗಕ್ಕೆ ನೀರು ಬೇಕು ಅಲ್ವಾ? ಪ್ರೆಶರ್ ಇಳಿದು ಬಾಯ್ಲರ್ ಲಾಕ್ ಆಗಿತ್ತು.

ಒಂದೇ ರೇಡಿಯೇಟರ್ ತಣ್ಣಗಿದ್ದರೆ ಕೋಣೆಯ ಬಿಸಿಗೆ ತಕ್ಕಂತೆ ತಾನೇ ತೆರೆದು ಮುಚ್ಚುವ ಅದರ ಥರ್ಮೋಸ್ಟಾಟಿಕ್ ವಾಲ್ವ್ ನೋಡಿ. ಬೇಸಿಗೆಯೆಲ್ಲ ಮುಚ್ಚಿಯೇ ಇದ್ದ ವಾಲ್ವ್‌ನ ಒಳಗಿನ ಕಡ್ಡಿ ಅಂಟಿಕೊಳ್ಳುವುದು ತೀರಾ ಸಾಮಾನ್ಯ. ಮೇಲಿನ ಪ್ಲಾಸ್ಟಿಕ್ ತಲೆಯನ್ನು ಪೂರ್ತಿ ತೆರೆದ ಸ್ಥಿತಿಗೆ ತಿರುಗಿಸಿ ಬಿಚ್ಚಿ. ಒಳಗೆ ಸಣ್ಣ ಲೋಹದ ಕಡ್ಡಿ ಕಾಣುತ್ತದೆ. ಗಟ್ಟಿಯಾದ ಏನಾದರೊಂದರಿಂದ ಒತ್ತಿದರೆ ಎರಡು ಮೂರು ಮಿಲಿಮೀಟರ್ ಒಳಗೆ ಹೋಗಿ ತಾನೇ ಮೇಲೆ ಬರಬೇಕು. ಬರದಿದ್ದರೆ ಪಕ್ಕದಿಂದ ಮೆತ್ತಗೆ ತಟ್ಟಿ, ಮತ್ತೆ ಒತ್ತಿ, ಹತ್ತಾರು ಸಲ ಹೀಗೆ ಮಾಡಿ. ಇಕ್ಕಳ ಹಾಕಿ ಜೋರಾಗಿ ಎಳೆಯಬೇಡಿ. ಕಡ್ಡಿ ಕಿತ್ತು ಬಂದರೆ ಅದರ ಹಿಂದೆ ನೀರೂ ಬರುತ್ತದೆ.

ಹತ್ತಿರದವು ಸುಡುತ್ತಿದ್ದು ದೂರದವು ತಣ್ಣಗಿದ್ದರೆ ಹಂಚಿಕೆ ಸರಿಮಾಡಬೇಕು. ಇದಕ್ಕೆ ಒಂದು ಭಾನುವಾರ ಮೀಸಲಿಡಿ. ನೀರು ಸೋಮಾರಿ, ಹತ್ತಿರದ ಸುಲಭದ ದಾರಿಯಲ್ಲೇ ಹೋಗಿ ಬಂದುಬಿಡುತ್ತದೆ. ಆ ಸುಲಭದ ದಾರಿಯನ್ನು ನಾವು ಸ್ವಲ್ಪ ಇಕ್ಕಟ್ಟು ಮಾಡಬೇಕು. ರೇಡಿಯೇಟರ್‌ನ ಇನ್ನೊಂದು ತುದಿಯಲ್ಲಿ, ಟೋಪಿ ಹಾಕಿದ ಹಾಗೆ ಪ್ಲಾಸ್ಟಿಕ್ ಮುಚ್ಚಳ ಇರುವ ವಾಲ್ವ್ ಇರುವುದು ಇದಕ್ಕೇ. ಮೊದಲು ಎಲ್ಲ ವಾಲ್ವ್‌ಗಳನ್ನೂ ಪೂರ್ತಿ ತೆರೆಯಿರಿ. ಪ್ರತಿಯೊಂದನ್ನೂ ಎಷ್ಟು ಸುತ್ತು ತಿರುಗಿಸಿದಿರಿ ಎಂದು ಬರೆದಿಡಿ, ಬೇಕಾದರೆ ಹಳೆಯ ಜಾಗಕ್ಕೆ ಮರಳಬಹುದು. ಮನೆ ತಣ್ಣಗಿರುವಾಗ ಹೀಟಿಂಗ್ ಹಾಕಿ, ಯಾವುದು ಮೊದಲು ಬಿಸಿಯಾಯಿತು, ಯಾವುದು ಕೊನೆಗೆ ಎಂದು ಪಟ್ಟಿ ಮಾಡಿ. ಮೊದಲು ಬಿಸಿಯಾದದ್ದನ್ನು ಪೂರ್ತಿ ಮುಚ್ಚಿ, ಕಾಲು ಸುತ್ತು ಮಾತ್ರ ತೆರೆಯಿರಿ. ಎರಡನೆಯದನ್ನು ಅದಕ್ಕಿಂತ ಸ್ವಲ್ಪ ಜಾಸ್ತಿ. ಹೀಗೆ ಕೊನೆಯದು ಪೂರ್ತಿ ತೆರೆದಿರಲಿ. ನಂತರ ಪ್ರತಿ ರೇಡಿಯೇಟರ್‌ನ ಎರಡೂ ಪೈಪ್‌ಗಳ ತಾಪಮಾನ ಅಳೆದು, ಅಂತರ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಬರುವವರೆಗೆ ಅಷ್ಟಷ್ಟೇ ತಿರುಗಿಸುತ್ತಾ ಹೋಗಿ. ಪ್ರತಿ ತಿರುಗಿಸಿದ ಮೇಲೂ ಹತ್ತು ಹದಿನೈದು ನಿಮಿಷ ಕಾಯಬೇಕು. ಬೇಜಾರಿನ ಕೆಲಸ, ಒಪ್ಪುತ್ತೇನೆ. ಆದರೆ "ಈ ಕೋಣೆ ಮೊದಲಿಂದಲೂ ತಣ್ಣಗೆ" ಎಂದು ವರ್ಷಗಟ್ಟಲೆ ಗೊಣಗಿದ ಎಷ್ಟೋ ಕೋಣೆಗಳು ಇದರಿಂದಲೇ ಸರಿಹೋಗುತ್ತವೆ.

ಇನ್ನು ಗಸಿ. ಕಬ್ಬಿಣದ ರೇಡಿಯೇಟರ್ ಒಳಗೆ ನಿಧಾನವಾಗಿ ತುಕ್ಕು ಹಿಡಿದು ಮ್ಯಾಗ್ನೆಟೈಟ್ ಎಂಬ ಕಪ್ಪು ಕೆಸರು ಹುಟ್ಟುತ್ತದೆ. ಅದು ತಳದಲ್ಲಿ ಕೂರುತ್ತದೆ, ಪಂಪಿಗೆ ಅಂಟುತ್ತದೆ, ಹೀಟ್ ಎಕ್ಸ್‌ಚೇಂಜರ್‌ನ ಸಣ್ಣ ದಾರಿಗಳನ್ನು ಮುಚ್ಚುತ್ತದೆ. ಗಾಳಿ ತೆಗೆಯುವಾಗ ಬಂದ ನೀರನ್ನು ಬಿಳಿ ಲೋಟದಲ್ಲಿ ಹಿಡಿಯಿರಿ. ಮಸಿಯ ಹಾಗಿದ್ದರೆ, ಪಕ್ಕದಲ್ಲಿ ಆಯಸ್ಕಾಂತ ಹಿಡಿದಾಗ ಕಪ್ಪು ಅದರ ಕಡೆ ಸರಿದರೆ, ಬೇರೆ ಸಾಕ್ಷಿ ಬೇಡ. ಬಾಯ್ಲರ್ ಹತ್ತಿರ ಮ್ಯಾಗ್ನೆಟಿಕ್ ಫಿಲ್ಟರ್ ಇದ್ದರೆ ಮೊದಲು ಅದನ್ನು ತೊಳೆಯಿರಿ: ಬಾಯ್ಲರ್ ಆರಿಸಿ, ತಣಿಯಲು ಬಿಡಿ, ಎರಡೂ ಕಡೆಯ ವಾಲ್ವ್ ಮುಚ್ಚಿ, ಫಿಲ್ಟರ್‌ನ ಪ್ರೆಶರ್ ಬಿಡಿಸಿ, ಆಮೇಲೆ ತೆರೆಯಿರಿ. ಒಂದೇ ರೇಡಿಯೇಟರ್ ಹಾಳಾಗಿದ್ದರೆ ಅದನ್ನು ಬಿಚ್ಚಿ ಹೊರಗೆ ಒಯ್ದು ಪೈಪಿನಿಂದ ನೀರು ಬಿಟ್ಟು ತೊಳೆಯಬಹುದು. ಇಬ್ಬರು ಬೇಕು, ನೀರು ತುಂಬಿದ ರೇಡಿಯೇಟರ್ ಅಂದುಕೊಂಡದ್ದಕ್ಕಿಂತ ಭಾರ. ಇಡೀ ವ್ಯವಸ್ಥೆಯೇ ಕಪ್ಪಾಗಿದ್ದರೆ ಯಂತ್ರದಿಂದ ಫ್ಲಶ್ ಮಾಡಿಸಿ, ತುಕ್ಕು ತಡೆಯುವ ಇನ್‌ಹಿಬಿಟರ್ ದ್ರವ ಹಾಕಿಸಬೇಕು. ಫ್ಲಶ್ ಮಾಡಿ ಅದನ್ನು ಹಾಕದೇ ಬಿಟ್ಟರೆ ಕಥೆ ಮೊದಲಿಂದ ಶುರು.

ಪಂಪ್ ವಿಷಯ ಕೊನೆಗೆ ಇಟ್ಟಿದ್ದೇನೆ, ಬೇಕೆಂದೇ. ಉದ್ದನೆಯ ಸ್ಕ್ರೂಡ್ರೈವರ್‌ನ ತುದಿ ಪಂಪಿಗೆ, ಹಿಡಿ ಕಿವಿಯ ಹತ್ತಿರ ಇಟ್ಟರೆ ಒಳಗಿನ ಸದ್ದು ಕೇಳುತ್ತದೆ. ಸಮನಾದ ಗುಂಯ್‌ಗುಟ್ಟುವಿಕೆ ಸರಿ. ಪಂಪ್ ಬಿಸಿಯಾಗಿದೆ ಆದರೆ ಅಲುಗಾಟವೇ ಇಲ್ಲ ಎಂದರೆ ಅದು ಸಿಕ್ಕಿಕೊಂಡಿದೆ. ಹಳೆಯ ಪಂಪ್‌ಗಳ ಮುಂದೆ ಒಂದು ದೊಡ್ಡ ಸ್ಕ್ರೂ ಇರುತ್ತದೆ. ಕರೆಂಟ್ ತೆಗೆದು, ಬಟ್ಟೆ ಹಿಡಿದು ಅದನ್ನು ಬಿಚ್ಚಿದರೆ ಒಳಗಿನ ಅಚ್ಚು ಕಾಣುತ್ತದೆ, ಸ್ಕ್ರೂಡ್ರೈವರ್‌ನಿಂದ ಮೆತ್ತಗೆ ತಿರುಗಿಸಿ ಬಿಡಿಸಬಹುದು. ಇಷ್ಟು ನೀವು ಮಾಡಬಹುದು, ಆದರೆ ಪಂಪ್ ಬಾಯ್ಲರ್ ಹೊರಗಿದ್ದರೆ ಮಾತ್ರ. ಮೂರು ವೇಗದ ಪಂಪ್ ಆಗಿದ್ದರೆ ಯಾರೋ ಸದ್ದು ಕಡಿಮೆ ಮಾಡಲು ಒಂದನೇ ವೇಗಕ್ಕೆ ಇಳಿಸಿದ್ದಾರಾ ಎಂದೂ ನೋಡಿ.

ಹೋಗುವ ಬರುವ ಪೈಪ್‌ಗಳ ತಾಪಮಾನದ ಅಂತರ ತೀರಾ ಕಡಿಮೆ ಅಂದಿದ್ದೆನಲ್ಲ, ಅದಕ್ಕೆ ಹೆಚ್ಚಾಗಿ ಕಾರಣ ಬೈಪಾಸ್ ವಾಲ್ವ್. ಎರಡು ಪೈಪ್‌ಗಳ ನಡುವೆ ಸೇತುವೆಯಂತೆ ಇರುವ ಸಣ್ಣ ಪೈಪಿನಲ್ಲಿ ಇದು ಕೂತಿರುತ್ತದೆ. ರೇಡಿಯೇಟರ್‌ಗಳೆಲ್ಲ ತೆರೆದಿರುವಾಗಲೂ ಆ ಸೇತುವೆ ಸುಡುತ್ತಿದ್ದರೆ ನೀರು ಅಲ್ಲೇ ಸೋರಿಹೋಗುತ್ತಿದೆ. ಸರಿಹೊಂದಿಸಲು ಟೆಕ್ನಿಷಿಯನ್‌ಗೆ ಹೇಳಿ. ಪೂರ್ತಿ ಮುಚ್ಚಿಬಿಡಬೇಡಿ, ಅದು ಬಾಯ್ಲರ್‌ನ ರಕ್ಷಣೆಗೆ ಇರುವುದು.

ಬಿಡದೆ ಉರಿದರೂ ಬಿಸಿ ಏರುವುದಿಲ್ಲ

ಇಲ್ಲಿ ನಿಮ್ಮ ಕೆಲಸ ಬರೀ ಪತ್ತೆದಾರಿ. ಗ್ಯಾಸ್ ಬಾಯ್ಲರ್ ಆದರೆ, ಅಡುಗೆ ಒಲೆ ಹಚ್ಚಿ ಅದರ ಉರಿ ನೋಡಿ. ಬಾಯ್ಲರ್ ಜೋರಾಗಿ ಉರಿಯುವಾಗ ಒಲೆಯ ಉರಿ ಕುಗ್ಗಿದರೆ ಗ್ಯಾಸ್ ಸಾಲುತ್ತಿಲ್ಲ. ರೆಗ್ಯುಲೇಟರ್ ಇರಬಹುದು, ಸಣ್ಣ ಪೈಪ್ ಇರಬಹುದು. ಸಿಲಿಂಡರ್ ಗ್ಯಾಸ್‌ನಲ್ಲಿ ಓಡುವ ಬಾಯ್ಲರ್‌ಗೆ ಇನ್ನೊಂದು ತೊಂದರೆ. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೂ ಆವಿಯಾಗುತ್ತದೆ, ಬ್ಯೂಟೇನ್ ಮಾತ್ರ ಸೊನ್ನೆಯ ಆಸುಪಾಸಿನಲ್ಲೇ ಸುಮ್ಮನಾಗುತ್ತದೆ. ಚಳಿಯಲ್ಲಿ ಹೊರಗಿಟ್ಟ ಬ್ಯೂಟೇನ್ ಸಿಲಿಂಡರ್ ಅರ್ಧ ತುಂಬಿದ್ದರೂ ಉರಿಗೆ ಗ್ಯಾಸ್ ಕೊಡುವುದಿಲ್ಲ.

ಕರೆಂಟ್ ಬಾಯ್ಲರ್‌ನಲ್ಲಿ ಲೆಕ್ಕ ಇನ್ನೂ ಸರಳ. ಒಳಗೆ ಮೂರು ಕಾಯಿಲ್ ಇದ್ದು ಒಂದು ಸುಟ್ಟುಹೋದರೆ ಶಾಖ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಬೋರ್ಡಿನಲ್ಲಿ ಒಂದು ಟ್ರಿಪ್ ಸ್ವಿಚ್ ಬಿದ್ದಿದೆಯಾ ನೋಡಿ. ವೋಲ್ಟೇಜ್ ಕೂಡ ಕಾರಣವಾಗಬಹುದು. ವೋಲ್ಟೇಜ್ 10 ಶೇಕಡಾ ಇಳಿದರೆ ಶಾಖ ಇಳಿಯುವುದು 19 ಶೇಕಡಾ, ಏಕೆಂದರೆ ಶಾಖ ವೋಲ್ಟೇಜ್‌ನ ವರ್ಗದ ಜೊತೆ ಏರಿಳಿಯುತ್ತದೆ.

ಬಾಯ್ಲರ್ ಒಳಗೆ ಕುದಿಯುವ ಕೆಟಲ್‌ನಂಥ ಸದ್ದು ಬರುತ್ತಿದ್ದರೆ ಹೀಟ್ ಎಕ್ಸ್‌ಚೇಂಜರ್‌ಗೆ ಸುಣ್ಣವೋ ಗಸಿಯೋ ಮೆತ್ತಿಕೊಂಡಿದೆ. ಉರಿಯ ಶಾಖ ನೀರಿಗೆ ಸೇರದೆ ಹೊಗೆಯ ಜೊತೆ ಹೊರಗೆ ಹೋಗುತ್ತಿದೆ. ಇನ್ನು ಕೆಲವು ಸಲ ಬಾಯ್ಲರ್ ಅಳವಡಿಸಿದವರು ಹೀಟಿಂಗ್‌ನ ಗರಿಷ್ಠ ಶಕ್ತಿಯನ್ನು ಸೆಟ್ಟಿಂಗ್‌ನಲ್ಲೇ ಇಳಿಸಿಟ್ಟಿರುತ್ತಾರೆ. ಆಮೇಲೆ ಮನೆಗೆ ಎರಡು ಕೋಣೆ ಸೇರಿದರೆ ಅದು ಸಾಲುವುದಿಲ್ಲ. ಟೆಕ್ನಿಷಿಯನ್ ಬಂದಾಗ ಇದನ್ನು ಕೇಳಲು ಮರೆಯಬೇಡಿ.

ಪ್ರೆಶರ್ ವಾರಕ್ಕೊಮ್ಮೆ ಇಳಿಯುತ್ತಿದ್ದರೆ

ವಾರ ವಾರ ನೀರು ತುಂಬಿಸಿಕೊಂಡು ದಿನ ದೂಡುವವರು ಬಹಳ ಜನ. ಇದು ಕೆಟ್ಟ ಚಾಳಿ. ಪ್ರತಿ ಸಲ ಹೊಸ ನೀರಿನ ಜೊತೆ ಹೊಸ ಆಮ್ಲಜನಕ, ಹೊಸ ಸುಣ್ಣ ಒಳಗೆ ಹೋಗುತ್ತವೆ, ಇನ್‌ಹಿಬಿಟರ್ ತೆಳುವಾಗುತ್ತದೆ. ಮೇಲೆ ಹೇಳಿದ ಕಪ್ಪು ಗಸಿಗೆ ಊಟ ಹಾಕಿದ ಹಾಗೆ.

ತಣ್ಣಗಿದ್ದಾಗ 1, ಬಿಸಿಯಾದಾಗ 3ರ ಹತ್ತಿರ, ಮತ್ತೆ ತಣಿದಾಗ ಅರ್ಧಕ್ಕಿಂತ ಕೆಳಗೆ. ಹೀಗೆ ಗೇಜ್ ಜಿಗಿದಾಡಿದರೆ ಅದು ಎಕ್ಸ್‌ಪ್ಯಾನ್ಶನ್ ಪಾತ್ರೆಯ ಗುರುತು. ನೀರು ಕಾದಾಗ ಹಿಗ್ಗುತ್ತದೆ. 100 ಲೀಟರ್ ನೀರು 80 ಡಿಗ್ರಿಗೆ ಹೋದರೆ ಸುಮಾರು 3 ಲೀಟರ್ ಜಾಸ್ತಿಯಾಗುತ್ತದೆ. ಆ 3 ಲೀಟರಿಗೆ ಜಾಗ ಕೊಡುವುದು ಈ ಪಾತ್ರೆಯೊಳಗಿನ ಗಾಳಿ. ಗಾಳಿ ಹೋಗಿದ್ದರೆ ಪ್ರೆಶರ್ ಏರಿ, 3 ಬಾರ್‌ಗೆ ಸುರಕ್ಷತಾ ವಾಲ್ವ್ ತೆರೆದು ನೀರು ಹೊರಗೆ ಚೆಲ್ಲುತ್ತದೆ. ಹೊರಗೋಡೆಯ ಸಣ್ಣ ತಾಮ್ರದ ಪೈಪ್ ಒದ್ದೆಯಾಗಿದೆಯಾ ನೋಡಿ. ಗೇಜ್ ಜಿಗಿಯದೆ ನಿಧಾನ ಇಳಿಯುತ್ತಿದ್ದರೆ ಎಲ್ಲೋ ಸಣ್ಣ ಸೋರಿಕೆ. ವಾಲ್ವ್‌ಗಳ ಬುಡದಲ್ಲಿ ಹಸಿರು ಅಥವಾ ಬಿಳಿ ಕಲೆ ಹುಡುಕಿ.

ರೇಡಿಯೇಟರ್ ಸರಿ, ನಲ್ಲಿಯ ನೀರು ಬಿಸಿಯಿಲ್ಲ

ಕಾಂಬಿ ಬಾಯ್ಲರ್, ಅಂದರೆ ನೀರು ತುಂಬಿಡದೆ ನಲ್ಲಿ ತೆರೆದಾಗಲೇ ಕಾಯಿಸಿ ಕೊಡುವ ಬಾಯ್ಲರ್, ಇರುವವರು ಚಳಿಗಾಲದಲ್ಲಿ ಮಾಡುವ ದೂರು ಇದು. ಮೊದಲು ಒಂದು ಲೆಕ್ಕ. 24 ಕಿಲೋವ್ಯಾಟ್‌ನ ಬಾಯ್ಲರ್ ನಿಮಿಷಕ್ಕೆ ಸುಮಾರು 10 ಲೀಟರ್ ನೀರನ್ನು 35 ಡಿಗ್ರಿ ಏರಿಸಬಲ್ಲದು, ಅಷ್ಟೇ. ಒಳಬರುವ ನೀರು 15 ಡಿಗ್ರಿ ಇದ್ದಾಗ ನಲ್ಲಿಯಲ್ಲಿ 50 ಸಿಗುತ್ತದೆ. ಅದೇ ನೀರು 5 ಡಿಗ್ರಿ ಇದ್ದರೆ 40 ಮಾತ್ರ. ಬಾಯ್ಲರ್ ಕೆಟ್ಟಿಲ್ಲ, ನೀರು ತಣ್ಣಗಾಗಿದೆ. ಅಳೆಯುವ ಪಾತ್ರೆ ಹಿಡಿದು ನೋಡಿ: 6 ಸೆಕೆಂಡಿಗೆ ಒಂದು ಲೀಟರ್ ಅಂದರೆ ನಿಮಿಷಕ್ಕೆ 10. ನಲ್ಲಿಯನ್ನು ಸ್ವಲ್ಪ ತಿರುಗಿಸಿ ಹರಿವು ಕಡಿಮೆ ಮಾಡಿ. ನೀರು ಬಿಸಿಯಾದರೆ ರಿಪೇರಿ ಏನೂ ಬೇಕಿಲ್ಲ.

ಹರಿವು ಕಡಿಮೆ ಮಾಡಿದರೂ ಬಿಸಿ, ತಣ್ಣಗೆ, ಬಿಸಿ, ತಣ್ಣಗೆ ಎಂದು ಆಡುತ್ತಿದ್ದರೆ ನಲ್ಲಿ ನೀರನ್ನು ಕಾಯಿಸುವ ಪ್ಲೇಟ್ ಎಕ್ಸ್‌ಚೇಂಜರ್‌ಗೆ ಸುಣ್ಣ ಕಟ್ಟಿದೆ. ಗಡಸು ನೀರಿನ ಕಡೆ ಇದು ಮಾಮೂಲು. ನಲ್ಲಿ ತೆರೆದಾಗ ರೇಡಿಯೇಟರ್ ಕಡೆ ಹೋಗುವ ಪೈಪ್ ಬಿಸಿಯಾಗುತ್ತಿದ್ದರೆ, ಅದೂ ಹೀಟಿಂಗ್ ಆರಿಸಿರುವಾಗ, ಬಿಸಿಯನ್ನು ನಲ್ಲಿಯ ಕಡೆಗೋ ರೇಡಿಯೇಟರ್ ಕಡೆಗೋ ತಿರುಗಿಸುವ ಡೈವರ್ಟರ್ ವಾಲ್ವ್ ನಡುದಾರಿಯಲ್ಲಿ ಸಿಕ್ಕಿಕೊಂಡಿದೆ. ನಲ್ಲಿ ನೀರು ಸುಡುತ್ತಿದ್ದು ರೇಡಿಯೇಟರ್‌ಗಳು ಏನೂ ಬಿಸಿಯಾಗದಿದ್ದರೂ ಇದೇ ವಾಲ್ವ್ ಮೇಲೆ ಮೊದಲ ಅನುಮಾನ.

ಸಿಲಿಂಡರ್‌ನಲ್ಲಿ ಬಿಸಿನೀರು ತುಂಬಿಡುವ ವ್ಯವಸ್ಥೆಯಾದರೆ ಒಂದು ಚಂದದ ಪರೀಕ್ಷೆ ಇದೆ. ಸಿಲಿಂಡರ್‌ಗೆ ಬರುವ ತಣ್ಣೀರಿನ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆಯಿರಿ. ಸ್ವಲ್ಪ ಹೊತ್ತಿನಲ್ಲಿ ನೀರು ನಿಲ್ಲಬೇಕು. ನಿಲ್ಲದೆ ಬರುತ್ತಲೇ ಇದ್ದರೆ ಯಾವುದೋ ಶವರ್ ಮಿಕ್ಸರ್ ಒಳಗಿಂದ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತಿದೆ. ಎಲ್ಲರೂ ಬಾಯ್ಲರ್ ಬೈಯುತ್ತಿರುತ್ತಾರೆ, ಕಳ್ಳ ಬಚ್ಚಲುಮನೆಯಲ್ಲಿರುತ್ತಾನೆ. ಇನ್ನೊಂದು ಮಾತು: ಉಳಿತಾಯಕ್ಕೆಂದು ಸಿಲಿಂಡರ್ ಥರ್ಮೋಸ್ಟಾಟನ್ನು 60 ಡಿಗ್ರಿಗಿಂತ ಕೆಳಗೆ ಇಳಿಸಬೇಡಿ. 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಆದರೆ 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ. ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇದ್ದರೆ ನಲ್ಲಿಯ ಹತ್ತಿರ ಮಿಕ್ಸಿಂಗ್ ವಾಲ್ವ್ ಹಾಕಿಸಿ.

ಬಾಯ್ಲರ್ ತಪ್ಪೇ ಇಲ್ಲದಿರಬಹುದು

ಹೋಗುವ ನೀರು 70, ಬರುವುದು 55, ಎಲ್ಲ ರೇಡಿಯೇಟರ್ ಮೇಲಿಂದ ಕೆಳಗೆ ಬಿಸಿ, ಆದರೂ ಕೋಣೆ ತಣ್ಣಗೆ. ಹಾಗಾದರೆ ಬಿಸಿ ಕೋಣೆಗೆ ಬಂದಾಗಿದೆ, ಅಲ್ಲಿ ನಿಲ್ಲುತ್ತಿಲ್ಲ. ರೇಡಿಯೇಟರ್ ಮುಂದೆ ಸೋಫಾ, ಮೇಲೆ ಇಳಿಬಿಟ್ಟ ಪರದೆ, ಒಣಗಲು ಹಾಕಿದ ಬಟ್ಟೆ ಇವೆಯಾ? ಕಿಟಕಿ ಸಂದಿನಲ್ಲಿ ಗಾಳಿ ಬರುತ್ತಿದೆಯಾ? ಕಿಟಕಿ, ಬಾಗಿಲು ಮುಚ್ಚಿ ಅಗರಬತ್ತಿಯ ಹೊಗೆ ಹಿಡಿದು ಸುತ್ತಾಡಿ, ಹೊಗೆ ಓಲಾಡುವ ಕಡೆ ಸಂದು ಇದೆ. ಅದಿಲ್ಲದಿದ್ದರೆ ಆ ಕೋಣೆಗೆ ರೇಡಿಯೇಟರ್ ಚಿಕ್ಕದು. ದೊಡ್ಡದು ಹಾಕಿಸಬೇಕೇ ಹೊರತು ಬಾಯ್ಲರ್ ಬದಲಿಸಿ ಪ್ರಯೋಜನವಿಲ್ಲ.

ಟೆಕ್ನಿಷಿಯನ್‌ಗೆ ಏನು ಹೇಳಬೇಕು

"ಬಿಸಿ ಬರ್ತಿಲ್ಲ" ಅಂದರೆ ಅವರು ಊಹೆಯಿಂದ ಶುರು ಮಾಡುತ್ತಾರೆ. ಬದಲಿಗೆ ನೀವು ಬರೆದಿಟ್ಟ ಕಾಗದ ಕೊಡಿ. ತಣ್ಣಗಿದ್ದಾಗ ಮತ್ತು ಬಿಸಿಯಾದಾಗ ಪ್ರೆಶರ್ ಎಷ್ಟು. ಉರಿ ಎಷ್ಟು ನಿಮಿಷ ಉರಿದು ಎಷ್ಟು ನಿಮಿಷ ಆರುತ್ತದೆ. ಹೋಗುವ ಬರುವ ಪೈಪಿನ ತಾಪಮಾನ. ಯಾವ ರೇಡಿಯೇಟರ್ ಎಲ್ಲಿ ತಣ್ಣಗಿದೆ. ಗಾಳಿ ತೆಗೆದಾಗ ಬಂದ ನೀರಿನ ಬಣ್ಣ. ಕೋಡ್‌ನ ಫೋಟೋ. ಕೊನೆಯ ಸರ್ವಿಸ್ ಯಾವಾಗ ಆಯಿತು, ಆಗ ಯಾವ ವಾಲ್ವ್ ಮುಟ್ಟಿದರು.

ಯಾವುದಾದರೂ ಭಾಗ ಬದಲಿಸಬೇಕು ಎಂದರೆ, ಯಾವ ಅಳತೆ ನೋಡಿ ಹೇಳುತ್ತಿದ್ದೀರಿ ಎಂದು ಕೇಳಿ. ಕೆಲಸ ಗೊತ್ತಿರುವವರು ಆ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ, ಗೇಜ್ ತೋರಿಸಿ ವಿವರಿಸುತ್ತಾರೆ. ಅವರು ಹೊರಡುವ ಮುನ್ನ ಬಾಯ್ಲರ್ ಕೆಳಗೆ ಬಗ್ಗಿ ಎಲ್ಲ ವಾಲ್ವ್‌ಗಳ ಗೀರು ಪೈಪಿನ ದಿಕ್ಕಿನಲ್ಲೇ ಇದೆಯಾ ಎಂದು ಒಮ್ಮೆ ನೋಡಿಬಿಡಿ.